ಕಂಡದ್ದೆಲ್ಲ ಪ್ರಮಾಣವೆ?

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬುದು ನಮ್ಮ ಹಿರಿಯರ ಮಾತು. ಮಾದಕ ವ್ಯಸನವನ್ನು ಕುರಿತು ಅಂತರಜಾಲದಲ್ಲಿ ಇಂದು ಲೆಕ್ಕವಿಲ್ಲದಷ್ಟು ವಿಡಿಯೋಗಳಿವೆ. ಚಟವನ್ನು ಗೆದ್ದವರ ಕಥೆ, ಸೋತವರ ಕಣ್ಣೀರು, ಬಿಳಿಯ ಕೋಟು ತೊಟ್ಟವರ ಉಪದೇಶ ಎಲ್ಲವೂ ಅಲ್ಲುಂಟು. ಇವುಗಳಲ್ಲಿ ನಂಬತಕ್ಕದ್ದು ಯಾವುದು? ವಿಡಿಯೋಗಳು ಇನ್ನೂ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ಕಾಲದ ಒಂದು ಸಂಗತಿ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲಬಲ್ಲದು.

ಅಮೆರಿಕದ ಪರ್ಡ್ಯೂ ಫಾರ್ಮಾ ಎಂಬ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿರುವುದು ಅಫೀಮಿನ ಬಳಗಕ್ಕೆ ಸೇರಿದ ಮದ್ದು. ಚಟ ಹತ್ತೀತೆಂಬ ಅಂಜಿಕೆಯಿಂದ ವೈದ್ಯರು ಇಂಥ ಮದ್ದನ್ನು ಬರೆದುಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಆ ಅಂಜಿಕೆಯನ್ನು ಕಳೆಯಲೆಂದು ಕಂಪನಿ 1998ರಲ್ಲಿ ‘ನನ್ನ ಬಾಳು ನನಗೆ ಮರಳಿತು’ ಎಂಬರ್ಥದ ಹೆಸರಿಟ್ಟು ಒಂದು ವಿಡಿಯೋ ಹೊರಡಿಸಿತು. ರೋಗಿಗಳಿಗೆ ತೋರಿಸುವುದಕ್ಕಾಗಿ ಅದರ 15,000 ಪ್ರತಿಗಳು ವೈದ್ಯರ ಕೈಸೇರಿದವು. ಬಹುಕಾಲ ನೋವುಂಡ ಏಳು ಮಂದಿ ಅದರಲ್ಲಿ ಮಾತಾಡಿದರು. ಅವರು ನಟರಲ್ಲ, ನಿಜವಾದ ರೋಗಿಗಳೇ. ಜೊತೆಗೊಬ್ಬ ವೈದ್ಯರು ಕಾಣಿಸಿಕೊಂಡು, ಇಂಥ ಚಿಕಿತ್ಸೆಯಲ್ಲಿ ಚಟಕ್ಕೆ ಬೀಳುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಎಂದು ಅಭಯವಿತ್ತರು.

ಇಂಥ ಅಭಯಕ್ಕೆ ಆ ದಿನಗಳಲ್ಲಿ ಮತ್ತೆ ಮತ್ತೆ ಆಧಾರವಾಗಿ ತೋರಿಸುತ್ತಿದ್ದುದು, 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅಚ್ಚಾದ, ಐದೇ ವಾಕ್ಯಗಳ ಒಂದು ಓದುಗರ ಪತ್ರ. 11,882 ರೋಗಿಗಳಲ್ಲಿ ಚಟ ಹತ್ತಿದ್ದು ನಾಲ್ವರಿಗೆ ಮಾತ್ರ ಎಂದು ಅದರಲ್ಲಿತ್ತು. ಆದರೆ ಅವರೆಲ್ಲ ಆಸ್ಪತ್ರೆಯಲ್ಲಿದ್ದಾಗ ಮದ್ದು ಪಡೆದವರು. ಮನೆಯಲ್ಲಿದ್ದು ತಿಂಗಳುಗಟ್ಟಲೆ ಗುಳಿಗೆ ನುಂಗಿದವರಲ್ಲ. ಒಂದೆಡೆಯ ಲೆಕ್ಕವನ್ನು ಇನ್ನೊಂದೆಡೆಗೆ ಹೊತ್ತು ತಂದದ್ದೇ ಅನರ್ಥಕ್ಕೆ ಕಾರಣವಾಯಿತು.

2007ರಲ್ಲಿ ಆ ಕಂಪನಿಯ ಸೋದರ ಸಂಸ್ಥೆಯೊಂದು, ಚಟದ ಅಪಾಯವನ್ನು ಕಡಿಮೆ ಮಾಡಿ ಹೇಳಿ ಮದ್ದು ಮಾರಿದ ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು, 60 ಕೋಟಿ ಡಾಲರಿಗೂ ಮಿಕ್ಕ ಹಣ ತೆತ್ತಿತು. 2012ರಲ್ಲಿ ಮಿಲ್ವಾಕಿ ನಗರದ ಪತ್ರಿಕೆಯೊಂದು ಆ ಏಳು ಮಂದಿಯನ್ನು ಹುಡುಕಿಕೊಂಡು ಹೊರಟಿತು. ಇಬ್ಬರು ವ್ಯಸನದಲ್ಲಿದ್ದಂತೆಯೇ ತೀರಿಕೊಂಡಿದ್ದರು. ಮತ್ತೊಬ್ಬರು ಚಟಕ್ಕೆ ಸಿಕ್ಕಿ, ಪಡಬಾರದ ಪಾಡುಪಟ್ಟು ಹೊರಬಂದಿದ್ದರು. ಮೂವರು ಮಾತ್ರ ಮದ್ದಿನಿಂದ ತಮಗೆ ಒಳ್ಳೆಯದೇ ಆಯಿತೆಂದರು.

ಹಾಗಾದರೆ ಆ ರೋಗಿಗಳು ಸುಳ್ಳಾಡಿದರೆ? ಇಲ್ಲ. ಅಂದು ನೋವು ತಗ್ಗಿದ್ದು ಅವರ ಅನುಭವಕ್ಕೆ ಬಂದ ಸತ್ಯ. ಆದರೆ ಮುಂದಿನದು ಅವರಿಗೂ ತಿಳಿಯದು. ಅದಕ್ಕೆ ಅವರ ಸಾಕ್ಷ್ಯ ಸಲ್ಲದು. ನಮ್ಮ ತಾರ್ಕಿಕರು ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪಿದರು. ಆದರೆ ಹೇಳುವವನು ವಿಷಯವನ್ನು ಬಲ್ಲವನಾಗಿರಬೇಕು, ಇದ್ದುದನ್ನು ಇದ್ದಂತೆ ಹೇಳುವವನೂ ಆಗಿರಬೇಕು ಎಂದು ಕಟ್ಟುಹಾಕಿದರು. ಇಂದಿನ ವಿಡಿಯೋಗಳಿಗೂ ಆ ಕಟ್ಟು ಸಲ್ಲುತ್ತದೆ. ಹೇಳುವವರು ಯಾರು, ಅವರ ಹಿಂದೆ ಹಣ ಹಾಕಿದವರು ಯಾರು, ಲೆಕ್ಕ ಎಲ್ಲಿಯದು ಎಂದು ವಿಚಾರಿಸಬೇಕು. ಮನೆಯಲ್ಲಿ ಒಬ್ಬರು ಚಟದಲ್ಲಿ ನರಳುತ್ತಿರುವಾಗ ತಾಯಿತಂದೆಗಳು ಇಂಥ ವಿಡಿಯೋದಲ್ಲಿ ದಾರಿ ಹುಡುಕುವುದು ಸಹಜ. ಹುಡುಕಲಿ; ಆದರೆ ಅಲ್ಲಿ ಕೇಳಿದ್ದನ್ನು ಆ ರೋಗಿಯನ್ನು ಕಣ್ಣಾರೆ ಕಂಡ ವೈದ್ಯರ ಮುಂದಿಟ್ಟು ಒರೆಗೆ ಹಚ್ಚಿದ ಮೇಲೆಯೇ ನಂಬಲಿ.