ಒಂದು ಪೌಂಡು ಧಾನ್ಯ ಮತ್ತು ಚಿಕ್ಕಮ್ಮನ ಟ್ರೈನಿಂಗು

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಆಫೀಸು, ರಿಲೀಸು ಅಂತೆಲ್ಲ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :)

ಮೂರು ದಿನ ರಜೆ ಸಿಕ್ಕಿತ್ತು, ಬಳ್ಳಾರಿಗೆ ಹೋಗಿದ್ದೆ. ಅಲ್ಲಿಂದ ಕುರುಗೋಡು ಹತ್ತಿರದ ಹಳ್ಳಿಯಲ್ಲಿರೋ ಚಿಕ್ಕಮ್ಮನ ಮನೆಗೆ. ಚಿಕ್ಕಮ್ಮ ಅಂಗನವಾಡಿ ಟೀಚರು. ನಾನು ಹೋದಾಗ ಅಂಗಳದಲ್ಲಿ ಕೂತು ಫೋನನ್ನು ಆಕಡೆ ಈಕಡೆ ತಿರುಗಿಸ್ತಾ ಇದ್ದರು. "ಬಾರಪ, ಚಲೋ ಟೈಮಿಗೆ ಬಂದಿ. ಟ್ರೈನಿಂಗ್ ವಿಡಿಯೋ ಓಡವಲ್ದು ನೋಡು." ಕಂಪ್ಯೂಟರ್ ಇಂಜಿನಿಯರ್ ಅಂದ್ರೆ ಫೋನ್ ರಿಪೇರಿಯವನು ಅಂತ ನಮ್ಮ ಕಡೆ ಎಲ್ಲರಿಗೂ ಗಟ್ಟಿ ನಂಬಿಕೆ. ಬೇಡದ ಫೋಟೋಗಳನ್ನೆಲ್ಲ ಅಳಿಸಿ ಜಾಗ ಮಾಡಿಕೊಟ್ಟೆ, ಓಡಿತು.

"ಮೂವತ್ತು ವರ್ಷ ಆಗ್ತಾ ಬಂತು ಕೆಲಸಕ್ಕೆ ಸೇರಿ, ಇನ್ನೂ ಏನ್ ಟ್ರೈನಿಂಗು ಚಿಕ್ಕಮ್ಮಾ?" ಅಂತ ನಕ್ಕೆ.

"ಉಣ್ಣೋದು ಕಲಿಸಬೇಕಂದ್ರ ಮೊದಲು ನಾವು ಕಲೀಬೇಕಲ್ಲಪ" ಅಂದರು.

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಜಿಲ್ಲೆಯ ಜನಕ್ಕೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಅಂತ ಮೊದಲು ಲೆಕ್ಕ ಹಾಕಿದವರು ಯಾರು? ಹೇಳಿಕೊಡೋರಿಗೆ ಹೇಳಿಕೊಟ್ಟವರು ಯಾರು? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹುಡುಕುತ್ತಾ ಹೋದೆ.

ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಈ ಕತೆ ಶುರುವಾಗೋದೂ ಮದ್ರಾಸಿನಿಂದಲೇ. ಡಬ್ಲ್ಯು. ಆರ್. ಕಾರ್ನಿಶ್ ಅಂತ ಒಬ್ಬ ಡಾಕ್ಟರು. 1863ರಲ್ಲಿ ಈತ ಮದ್ರಾಸ್ ಪ್ರಾಂತ್ಯದ ಜನ ಏನು ತಿಂತಾರೆ, ಜಿಲ್ಲಾ ಜೈಲುಗಳಲ್ಲಿ ಕೈದಿಗಳಿಗೆ ಏನು ಕೊಡಬೇಕು ಅನ್ನೋದರ ಬಗ್ಗೆ ಒಂದು ವರದಿ ಪ್ರಕಟಿಸಿದ. ಜನರ ಊಟ ಅಧ್ಯಯನ ಮಾಡೋ ವಿಷಯ ಅಂತ ಸರ್ಕಾರಕ್ಕೆ ಹೊಳೆದದ್ದು ಜೈಲಿನ ಖರ್ಚಿನ ನೆಪದಲ್ಲಿ! ಕೈದಿಗೆ ಕಡಿಮೆ ಕೊಟ್ಟರೆ ಸಾಯ್ತಾನೆ, ಜಾಸ್ತಿ ಕೊಟ್ಟರೆ ದುಡ್ಡು ದಂಡ. ಆದರೆ ಆ ಲೆಕ್ಕ ಹದಿನಾಲ್ಕು ವರ್ಷದ ನಂತರ ಜೈಲಿನ ಹೊರಗಿನವರಿಗೆ ಬೇಕಾಯ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಹಿರಿಯರು ಧಾತು ಈಶ್ವರ ಬರ ಅಂತಿದ್ದರಲ್ಲ, ಅದೇ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಸತ್ತ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1871ರ ಜನಗಣತಿಗೂ 1881ರದ್ದಕ್ಕೂ ನಡುವೆ ಜಿಲ್ಲೆಯ ಜನಸಂಖ್ಯೆ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಕಡಿಮೆಯಾಗಿದೆ. ಓದುವಾಗ ಅದು ಬರೀ ಅಂಕಿ. ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಎಣಿಸಿ ಪ್ರತಿ ಐದನೆಯವರನ್ನು ತೆಗೆದುಹಾಕಿ ನೋಡಿದೆ. ಮೂರನೇ ಮನೆ ದಾಟೋಕೆ ಆಗಲಿಲ್ಲ.

ಬರದ ಕಾಮಗಾರಿಗಳಲ್ಲಿ ಕಲ್ಲು ಒಡೆಯೋ, ಮಣ್ಣು ಹೊರೋ ಜನಕ್ಕೆ ಕೂಲಿಯಾಗಿ ಧಾನ್ಯ ಕೊಳ್ಳುವಷ್ಟು ಕಾಸು ಸಿಗುತ್ತಿತ್ತು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಬಂದ. ಈತ 1874ರ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಜನರನ್ನು ಉಳಿಸಿದ್ದ, ಅದಕ್ಕೇ ಬೈಸಿಕೊಂಡಿದ್ದ. ಈ ಸಲ ಪಾಠ ಕಲಿತು ಬಂದಿದ್ದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅರ್ಧ ಆಣೆ, ಅಷ್ಟು ಸಾಕು ಅಂದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ.

ಒಂದು ಪೌಂಡು ಅಂದ್ರೆ 454 ಗ್ರಾಂ. ಅಕ್ಕಿಯೋ ಜೋಳವೋ, ಸುಮಾರು 1,600 ಕಿಲೋಕ್ಯಾಲೊರಿ. ಐಸಿಎಂಆರ್ 2020ರಲ್ಲಿ ಹೊರತಂದ ಲೆಕ್ಕದ ಪ್ರಕಾರ ನನ್ನಂಗೆ ಇಡೀ ದಿನ ಕುರ್ಚಿ ಬಿಸಿ ಮಾಡೋ ಗಂಡಸಿಗೇ 2,110 ಬೇಕು. ಭಾರಿ ಮೈಮುರಿಯೋ ಕೆಲಸದವನಿಗೆ 3,470. ಟೆಂಪಲ್ ಸಾಹೇಬರ ಪಡಿ ಅರ್ಧಕ್ಕಿಂತ ಕಡಿಮೆ ಆಯ್ತು.

ಆಗ ಕಾರ್ನಿಶ್ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ. ಆತ ಸುಮ್ಮನಿರಲಿಲ್ಲ. ಇದು ಕೆಲಸ ಮಾಡೋ ಮನುಷ್ಯನಿಗೆ ಸಾಲೋದಿಲ್ಲ, ಜೈಲಿನ ಕೈದಿಗೂ ಇದಕ್ಕಿಂತ ಹೆಚ್ಚು ಕೊಡ್ತೀವಿ, ಬರೀ ಕಾಳಲ್ಲ, ಬೇಳೆಯಂಥದ್ದೂ ಬೇಕು ಅಂತ ಸರ್ಕಾರಕ್ಕೆ ಬರೆದ. ಟೆಂಪಲ್ ಉತ್ತರ ಕೊಟ್ಟ, ಈತ ಮತ್ತೆ ಬರೆದ. ಬಿಸಿಲಲ್ಲಿ ಕಲ್ಲು ಒಡೀತಾ ಇದ್ದವರ ಹೊಟ್ಟೆ ಬಗ್ಗೆ ಇಬ್ಬರು ದೊರೆಗಳ ಪತ್ರವ್ಯವಹಾರ. ಕೊನೆಗೆ ಮದ್ರಾಸ್ ಸರ್ಕಾರ ಪಡಿಯನ್ನು ಸ್ವಲ್ಪ ಏರಿಸಿತು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಈ ಜಗಳವನ್ನೆಲ್ಲ ವಿಲಿಯಂ ಡಿಗ್ಬಿ ಅನ್ನೋ ಪತ್ರಕರ್ತ 1878ರಲ್ಲೇ ಎರಡು ದಪ್ಪ ಸಂಪುಟಗಳಲ್ಲಿ ಬರೆದಿಟ್ಟ. ಬಳ್ಳಾರಿಯ ನಾವು ಅದನ್ನು ಶಾಲೆಯಲ್ಲಿ ಓದಲಿಲ್ಲ. ಹಂಪಿ ಓದಿದ್ವಿ, ಗಣಿ ಓದಿದ್ವಿ, ಇದು ಮಾತ್ರ ಇಲ್ಲ.

ಆಮೇಲಿನ ಅಧ್ಯಾಯ ಊಟಿ ಹತ್ತಿರದ ಕೂನೂರಿನದು. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಬೆರಿಬೆರಿ ಕಾಯಿಲೆ ಬಗ್ಗೆ ಶುರು ಮಾಡಿದ ಸಣ್ಣ ಸಂಶೋಧನೆ ಬೆಳೆದು ಪ್ರಯೋಗಾಲಯ ಆಯಿತು. ಆತ ಇಲಿಗಳಿಗೆ ನಮ್ಮ ದೇಶದ ಬೇರೆ ಬೇರೆ ಪ್ರಾಂತ್ಯಗಳ ಊಟ ಹಾಕಿ ನೋಡಿದ. ಸಿಖ್ಖರ ಊಟ (ಗೋಧಿ ರೊಟ್ಟಿ, ಹಾಲು, ಬೇಳೆ, ಸೊಪ್ಪು) ತಿಂದ ಇಲಿಗಳು ದಷ್ಟಪುಷ್ಟ, ಅನ್ನ ತಿಂದ ಮದ್ರಾಸಿ ಇಲಿಗಳು ಪೀಚು. ಜೋಳದ ರೊಟ್ಟಿ ತಿಂದುಕೊಂಡು ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯವರು ಯಾವ ಬೋನಿನ ಇಲಿಗಳೋ ಗೊತ್ತಿಲ್ಲ :) ನಂತರ 1935ರಲ್ಲಿ ಬಂದ ಏಕ್ರಾಯ್ಡ್, ಭಾರತದ ಆಹಾರಗಳಲ್ಲಿ ಯಾವುದರಲ್ಲಿ ಏನೆಷ್ಟಿದೆ ಅಂತ ಪಟ್ಟಿ ಮಾಡಿಸಿ ಪುಸ್ತಕ ತಂದ. ಈ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಯಿತು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಂತ ಹೆಸರಾಯಿತು.

ಈ ಪಟ್ಟಿ, ಇಲಿ ಎಲ್ಲ ನಡೀತಿರುವಾಗ ನಮ್ಮ ತಟ್ಟೆಯನ್ನು ನಿಜವಾಗಿ ಬದಲಾಯಿಸಿದ್ದು ಬೇರೆಯೇ. ಅದಕ್ಕೆ ಸಿರುಗುಪ್ಪದ ನಮ್ಮಜ್ಜಿ ಹತ್ತಿರ ಬರಬೇಕು. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟಾಗ ಅಜ್ಜಿಗೆ ಹತ್ತು ವರ್ಷ. ಅದೇ ವರ್ಷ ಅಕ್ಟೋಬರ್ ಒಂದಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅಜ್ಜಿಗೆ ರಾಜ್ಯ ನೆನಪಿಲ್ಲ, ನೀರು ನೆನಪಿದೆ. ಅಲ್ಲಿತನಕ ಮನೆಯಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ನವಣಿ ಅನ್ನ. ನೆಲ್ಲಕ್ಕಿ ಅನ್ನ ಹಬ್ಬಕ್ಕೆ, ಇಲ್ಲಾ ಬೀಗರು ಬಂದರೆ. ಕಾಲುವೆ ಬಂದು ಎರಡು ಮೂರು ಬೆಳೆ ಆಗೋಷ್ಟರಲ್ಲಿ ಹೊಲ ಗದ್ದೆಯಾಯಿತು. ಈಗ ಸಿರುಗುಪ್ಪ ಅಂದ್ರೆ ಸೋನಾ ಮಸೂರಿ, ರೈಸ್ ಮಿಲ್ಲು, ಹೊಟ್ಟಿನ ಧೂಳು. ಯಾರೂ ಯಾರಿಗೂ ಅಕ್ಕಿ ತಿನ್ನಿ ಅಂತ ಕಲಿಸಲಿಲ್ಲ.

"ಆಹಾ, ಜೋಳ ಬಿಟ್ಟು ಕೆಟ್ಟೆವು" ಅನ್ನೋ ಲೇಖನಗಳು 2023ರ ಸಿರಿಧಾನ್ಯ ವರ್ಷದಲ್ಲಿ ಬೇಕಾದಷ್ಟು ಬಂದವು. ನಾನೂ ಒಂದೆರಡು ಫಾರ್ವರ್ಡ್ ಮಾಡಿದೀನಿ, ಸುಳ್ಳು ಯಾಕೆ. ಆದರೆ ಪೆಲಾಗ್ರ ಬಗ್ಗೆ ಓದಿದ ಮೇಲೆ ಸ್ವಲ್ಪ ನಾಚಿಕೆಯಾಯಿತು. ಇದು ನಯಾಸಿನ್ ಕೊರತೆಯಿಂದ ಬರೋ ಕಾಯಿಲೆ. ಬಿಸಿಲು ಬೀಳೋ ಕಡೆ ಚರ್ಮ ಸುಟ್ಟಹಾಗೆ ಕಪ್ಪಾಗುತ್ತೆ, ಕುತ್ತಿಗೆ ಸುತ್ತ ಪಟ್ಟಿ ಮೂಡುತ್ತೆ, ಭೇದಿ, ಆಮೇಲೆ ಬುದ್ಧಿಭ್ರಮಣೆ. ಬೇರೆ ದೇಶಗಳಲ್ಲಿ ಇದು ಮೆಕ್ಕೆಜೋಳ ತಿನ್ನೋ ಬಡವರ ಕಾಯಿಲೆ. ದಖ್ಖನ್ನಿನಲ್ಲಿ ನೋಡಿದರೆ ಬಿಳಿಜೋಳ ತಿನ್ನೋರಲ್ಲಿ! ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಜೋಳದಲ್ಲಿ ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಜಾಸ್ತಿ, ಅದು ಮೈಯಲ್ಲಿ ನಯಾಸಿನ್ ತಯಾರಾಗೋ ದಾರಿಗೆ ಅಡ್ಡ ಬರುತ್ತೆ ಅಂತ. ಲ್ಯೂಸಿನ್ ವಾದವನ್ನು ನಂತರ ಎಲ್ಲರೂ ಒಪ್ಪಲಿಲ್ಲ. ಒಂದು ಮಾತ್ರ ಖಚಿತ: ಜೋಳದ ಜೊತೆ ಬೇಳೆ, ಸೊಪ್ಪು, ಮಜ್ಜಿಗೆ ಇದ್ದವರಿಗೆ ಇದು ಬರುತ್ತಿರಲಿಲ್ಲ, ಬರೀ ರೊಟ್ಟಿ-ಖಾರ ತಿಂದು ದುಡಿಯೋರಿಗೆ ಬರುತ್ತಿತ್ತು. ತಪ್ಪು ರೊಟ್ಟಿಯದಲ್ಲ, ಪಕ್ಕದಲ್ಲಿ ಏನೂ ಇಲ್ಲದಿದ್ದದ್ದು. ಕಾರ್ನಿಶ್ ಹೇಳಿದ್ದೂ ಅದನ್ನೇ ಅಲ್ವಾ?

ಇನ್ನು ಚಿಕ್ಕಮ್ಮನ ಕತೆ. ಐಸಿಡಿಎಸ್ ಅಂದ್ರೆ ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, 33 ಬ್ಲಾಕುಗಳಲ್ಲಿ. ಚಿಕ್ಕಮ್ಮ ಸೇರಿದ್ದು ತೊಂಬತ್ತರ ದಶಕದಲ್ಲಿ. ಸೇರಿದ ಹೊಸತರಲ್ಲಿ ಮನೆ ಬಿಟ್ಟು ಹೋಗಿ ಟ್ರೈನಿಂಗ್ ಮಾಡಬೇಕಾಯ್ತು. ಅಲ್ಲಿ ಮೊದಲ ವಾರವೇ ಹೇಳಿಕೊಟ್ಟ ಪಾಠ: ಮಗು ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಕೊಡಬೇಕು, ಮೊದಲ ಹಳದಿ ಹಾಲು ಮಗುವಿಗೆ ಮೊದಲ ರಕ್ಷಣೆ, ಅದನ್ನು ಚೆಲ್ಲಬಾರದು.

ನಮ್ಮ ಕಡೆ ಅದನ್ನು ಗಿಣ್ಣದ ಹಾಲು ಅಂತಾರೆ, ಚೆಲ್ಲೋದೇ ರೂಢಿ ಇತ್ತು. ಮಗುವಿಗೆ ಜೀರ್ಣ ಆಗಲ್ಲ ಅಂತ ಹಿಂಡಿ ತೆಗೆದು, ಮೂರು ದಿನ ಬೆಲ್ಲದ ನೀರು ನೆಕ್ಕಿಸ್ತಿದ್ದರು. ಎಮ್ಮೆ ಕರು ಹಾಕಿದಾಗ ಅದೇ ಗಿಣ್ಣವನ್ನು ಬೆಲ್ಲ ಏಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚ್ತಿದ್ದರು, ನೋಡಿ ವಿಚಿತ್ರ.

ನಮ್ಮಜ್ಜಿ ಐದು ಹೆತ್ತವರು. ಉಳಿದದ್ದು ಅಮ್ಮ, ಚಿಕ್ಕಮ್ಮ ಇಬ್ಬರೇ. ಮೊದಲಿನ ಮೂರೂ ತಿಂಗಳು ತುಂಬೋದರೊಳಗೆ ಹೋದವು. ಟ್ರೈನಿಂಗ್ ಮುಗಿಸಿ ಸಿರುಗುಪ್ಪಕ್ಕೆ ಬಂದ ಚಿಕ್ಕಮ್ಮ ಹುರುಪಿನಲ್ಲಿ ಬ್ಯಾಗಿನಿಂದ ಚಾರ್ಟು ತೆಗೆದು ಅಜ್ಜಿಗೆ ಎಲ್ಲ ವಿವರಿಸಿದರಂತೆ. ಅರ್ಧ ಹೇಳಿದ ಮೇಲೆ ಅವರಿಗೇ ಹೊಳೀತು, ತಾನು ಯಾರ ಮುಂದೆ ಏನು ಹೇಳ್ತಾ ಇದೀನಿ ಅಂತ. ಅಜ್ಜಿ ಕೇಳಿದ್ದು ಒಂದೇ ಮಾತು. "ನಮಗ ಯಾರ್ ಹೇಳಿದ್ರವಾ?" ಆಮೇಲೆ ನಾಲ್ಕು ದಿನ ಮಗಳ ಜೊತೆ ಮಾತಾಡಲಿಲ್ಲ.

ಮೂರು ಕೂಸುಗಳು ಹೋಗಿದ್ದು ಅದರಿಂದಲೇ ಅಂತ ಯಾರು ಹೇಳಕ್ಕಾಗುತ್ತೆ? ಜ್ವರವೋ, ನಂಜೋ. ಇದನ್ನು ಚಿಕ್ಕಮ್ಮನೂ ಹೇಳಿದರು. "ಆದ್ರೂ ಅವತ್ತಿನಿಂದ ಯಾರ್ ಮನಿಗೆ ಹೋದ್ರೂ ಮೊದಲು ಆ ಮನಿ ಅತ್ತಿ ಎಷ್ಟು ಹೆತ್ತಾಳ, ಎಷ್ಟು ಉಳಿದಾವ ಅಂತ ತಿಳ್ಕೊಂತೀನಿ. ಆಮ್ಯಾಲೆ ಬಾಯಿ ಬಿಡ್ತೀನಿ." ಇದು ಯಾವ ಮಾಡ್ಯೂಲಲ್ಲೂ ಇಲ್ಲ. ನಾನು ನೋಡಿದೆ.

ಮಾಡ್ಯೂಲುಗಳು ಬೇಜಾನ್ ಬಂದಿವೆ. 2018ರಲ್ಲಿ ಪೋಷಣ್ ಅಭಿಯಾನ ಶುರುವಾದಾಗ ಇಪ್ಪತ್ತೊಂದು, ಒಂದೇ ಸಲ ತಲೆಗೆ ತುಂಬೋ ಬದಲು ತಿಂಗಳಿಗೊಂದರಂತೆ. ಒಳ್ಳೆ ಉಪಾಯ ಅಂತಲೇ ನನ್ನ ಅಭಿಪ್ರಾಯ. ನಮ್ಮ ಆಫೀಸಿನ ಎಂಟು ಗಂಟೆ ಟ್ರೈನಿಂಗಲ್ಲಿ ಊಟದ ನಂತರ ಯಾರು ಎಚ್ಚರ ಇರ್ತಾರೆ? 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು, 2023ರಲ್ಲಿ 'ಪೋಷಣ್ ಭೀ ಪಢಾಯಿ ಭೀ' ತರಬೇತಿ ಬಂತು. ಕಲಿಸೋರು ಮಾತ್ರ ಹೊಸ ಹೊಸ ಪ್ರಶ್ನೆಗಳಿಗೆ ಒಬ್ಬರೇ ನಿಲ್ಲಬೇಕು. ಸಾರವರ್ಧಿತ ಅಕ್ಕಿ ಬಂದಾಗ ಆ ಕಾಳು ನೀರಲ್ಲಿ ತೇಲ್ತಾವೆ, ಪ್ಲಾಸ್ಟಿಕ್ ಅಕ್ಕಿ ಅಂತ ಹೆಂಗಸರು ಆರಿಸಿ ಬಿಸಾಕಿದರು. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಎಲ್ಲ ಆ ಕಾಳಲ್ಲೇ ಇದ್ದದ್ದು. ಚಿಕ್ಕಮ್ಮ ಎಲ್ಲರೆದುರು ಅದನ್ನೇ ಬೇಯಿಸಿ ತಿಂದು ತೋರಿಸಿದರು.

ಸಂಶೋಧನೆ ಕೆಲವೊಮ್ಮೆ ಸಮಯಕ್ಕೆ ಬರುತ್ತೆ. 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ವಿರೋಧ ಜೋರಾಗಿತ್ತು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ತೂಗಿ ಹೋಲಿಸಿದರು. ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿತ್ತು. ಮಾರನೇ ವರ್ಷ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು.

ನಾನು ಹೊರಡೋ ದಿನ ಒಬ್ಬ ತಾಯಿ ಬಂದಿದ್ದಳು. ಮಗು ಚಾರ್ಟಿನಲ್ಲಿ ಕೆಂಪು ಗೆರೆಗೆ ಇಳಿದಿತ್ತು. ಬಳ್ಳಾರಿಯ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಇಟ್ಟುಕೊಳ್ತಾರೆ, ನೀನೂ ಜೊತೆಗೆ ಇರಬೇಕು ಅಂತ ಚಿಕ್ಕಮ್ಮ. ಮೆಣಸಿನಕಾಯಿ ಬಿಡಿಸೋ ಟೈಮು, ಕೂಲಿ ಹೋಗ್ತದ ಅಂತ ಅವಳು. ಪಾಪ, ಅವಳಿಗೆ ಮಗುವಿಗೆ ಏನು ಬೇಕು ಅನ್ನೋದು ಚೆನ್ನಾಗೇ ಗೊತ್ತಿತ್ತು. ಚಿಕ್ಕಮ್ಮ ಚಾರ್ಟು ತೆಗೆಯಲೇ ಇಲ್ಲ. ಕೇಂದ್ರದಲ್ಲಿ ತಾಯಿಗೆ ಕೂಲಿ ನಷ್ಟಕ್ಕೆ ಎಷ್ಟು ಕೊಡ್ತಾರೆ, ಅದು ಕೈಗೆ ಬರೋಕೆ ಎಷ್ಟು ದಿನ, ದೊಡ್ಡ ಮಗಳನ್ನು ಯಾರ ಮನೆಯಲ್ಲಿ ಬಿಡೋದು, ಇದೇ ಮಾತು ಒಂದು ಗಂಟೆ. ಕೊನೆಗೆ ಅವಳು ಸೋಮವಾರ ಹೋಗ್ತೀನಿ ಅಂದಳು.

ಬುಧವಾರ ಫೋನ್ ಮಾಡಿ ಕೇಳಿದೆ. ಹೋಗಿದ್ದಾಳೆ, ಮಗು ಹಾಲು ಕುಡೀತಿದೆ ಅಂದರು. ಆಮೇಲೆ, "ಮುಂದಿನ ಸಲ ಬರೋವಾಗ ಆ ಚಾರ್ಜ್ ಮಾಡೋ ಡಬ್ಬಿ ಒಂದು ತಗೊಂಡು ಬಾರಪ, ಮಧ್ಯಾಹ್ನದೊಳಗ ಫೋನ್ ಸತ್ತೋಗ್ತದ."

ಆರ್ಡರ್ ಮಾಡಿದೀನಿ. ನಿಮ್ಮೂರ ಕಡೆ ಬಾಣಂತಿ, ಕೂಸುಗಳ ಊಟದ ಬಗ್ಗೆ ಏನೇನು ಪದ್ಧತಿ ಇತ್ತು, ಯಾರು ಬಂದು ಬದಲಾಯಿಸಿದರು, ಗೊತ್ತಿದ್ದರೆ ಬರೀರಿ.