ಜಾಹೀರಾತು ಉಳಿಯಿತು, ಚಿತ್ರ ಉಳಿಯಲಿಲ್ಲ

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ತೆರೆಕಂಡಿತು. ಅದು ಭಾರತದ ಮೊದಲ ವಾಕ್ಚಿತ್ರ. ಈಗಿನಂತೆ ಟೀಸರ್, ಟ್ರೇಲರ್‌ಗಳ ಸುರಿಮಳೆ ಆಗ ಇರಲಿಲ್ಲ. ಇದು ನೂರಕ್ಕೆ ನೂರು ಮಾತನಾಡುವ ಚಿತ್ರ ಎಂದು ಜಾಹೀರಾತು ಸಾರಿತು. ದನಿಯ ಸುದ್ದಿಯನ್ನು ಮೂಕ ಕಾಗದ ಹೇಳಬೇಕಿತ್ತು. ಆ ದನಿ ಹೇಗಿದ್ದೀತೆಂದು ಓದಿದವರೇ ಊಹಿಸಿಕೊಳ್ಳಬೇಕಿತ್ತು. ಪರದೆಯ ಮೇಲಿನ ಮನುಷ್ಯರು ಬೀದಿಯಲ್ಲಿ ಕೇಳುವ ಹಿಂದೂಸ್ತಾನಿಯಲ್ಲೇ ಮಾತಾಡುತ್ತಾರಂತೆ, ಹಾಡುತ್ತಾರಂತೆ! ಆ ‘ಅಂತೆ’ಯೇ ಜನರನ್ನು ಎಳೆದು ತಂದಿತು. ನೂಕುನುಗ್ಗಲು ತಡೆಯಲು ಪೊಲೀಸರು ಬರಬೇಕಾಯಿತು. ಟಿಕೆಟ್‌ಗಳು ಕಾಳಸಂತೆಯಲ್ಲಿ ಹಲವು ಪಟ್ಟು ಬೆಲೆಗೆ ಬಿಕರಿಯಾದವು.

ಇಂದು ‘ಆಲಂ ಆರಾ’ದ ಒಂದು ಪ್ರತಿಯೂ ಸಿಕ್ಕಿಲ್ಲ. ಉಳಿದಿರುವುದು ಕೆಲವು ಸ್ಥಿರಚಿತ್ರಗಳು ಮತ್ತು ಪ್ರಚಾರದ ಕಾಗದಗಳು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಗತಿಯೂ ಇದೇ. ಜನರು ಕಾತರದಿಂದ ಕಾದದ್ದನ್ನು ಇತಿಹಾಸ ನೆನಪಿಟ್ಟುಕೊಂಡಿದೆ. ಯಾವುದಕ್ಕಾಗಿ ಕಾದರೋ ಅದನ್ನು ನಾವು ಕಳೆದುಕೊಂಡಿದ್ದೇವೆ. ಬಿಡುಗಡೆಯ ದಿನ ಮುಗಿದ ಮೇಲೆ ಚಿತ್ರವನ್ನು ಕಾಪಾಡುವವರು ಯಾರು? ಪ್ರಚಾರಕ್ಕೆ ಕೋಟಿಗಟ್ಟಲೆ ಸುರಿಯುವ ನಮ್ಮ ಕಾಲವಾದರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.