ನೀರಿನ ಪಾಳಿ

2016ರ ಜುಲೈ ಕೊನೆಯ ವಾರ. ಏಳು ಟಿಎಂಸಿ ನೀರು ಕೇಳಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ಮಹಾದಾಯಿ ನ್ಯಾಯಮಂಡಳಿ ತಳ್ಳಿಹಾಕಿತ್ತು. ಬಂದ್ ಇದ್ದುದರಿಂದ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆ ಗಂಡಸರಿಂದ ತುಂಬಿತ್ತು. ಮಳೆಯೇ ಇಲ್ಲ ಎಂದರು ನಮ್ಮ ಮನೆಯವರು. ಗೋವಾದವರದೇ ತಪ್ಪು ಎಂದ ಮೈದುನ. ಜನ ಹೆಚ್ಚಾದರು ಎಂದರು ಪಕ್ಕದ ಮನೆಯ ಕಾಕಾ. ಕಾಡು ಕಡಿದದ್ದಕ್ಕೇ ಹೀಗಾಯಿತು ಎಂದ ಮಗ. ನಾನು ಮೂರನೆಯ ಸಲ ಚಹಾ ತಂದಿಟ್ಟೆ. ಮೂಲೆಯಲ್ಲಿ ಮೆಂತ್ಯಪಲ್ಯ ಸೋಸುತ್ತಿದ್ದ ನಮ್ಮತ್ತಿಯವರು ತಲೆ ಎತ್ತದೆ ಅಂದರು:

"ನೀರ ಎಲ್ಲೂ ಹೋಗಿಲ್ಲ. ನಮ್ಮ ಪಾಳಿ ಹಿಂದಕ್ಕ ಸರದೈತಿ, ಅಷ್ಟ."

ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಕಲಿಸಿದವಳು ನಾನು. ಆ ಒಂದು ಮಾತು ನನ್ನನ್ನು ಮತ್ತೆ ಹಳೆಯ ಪುಸ್ತಕಗಳ ಮುಂದೆ ಕೂರಿಸಿತು.

ಈ ವಾದ ಹೊಸದಲ್ಲ. 1876ರಲ್ಲಿ ನಮ್ಮ ಸೀಮೆಗೆ ಧಾತು ಸಂವತ್ಸರದ ಬರ ಬಿತ್ತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳ ಜನ ಅನ್ನ ನೀರಿಲ್ಲದೆ ಸತ್ತರು. ಮರುವರ್ಷ ಇಂಗ್ಲೆಂಡಿನ ಖಗೋಳ ವಿಜ್ಞಾನಿ ನಾರ್ಮನ್ ಲಾಕ್ಯರ್ ಮತ್ತು ಅಧಿಕಾರಿ ಡಬ್ಲ್ಯು. ಡಬ್ಲ್ಯು. ಹಂಟರ್ ಸೇರಿ ಸೂರ್ಯನ ಮೇಲಿನ ಕಲೆಗಳಿಗೂ ಬರಗಾಲಕ್ಕೂ ನಂಟು ಕಟ್ಟಿ ಲೇಖನ ಬರೆದರು. ಅದೇ ಕಾಲಕ್ಕೆ ದಾದಾಭಾಯಿ ನವರೋಜಿಯವರು ಈ ದೇಶದ ಸಂಪತ್ತು ಹೇಗೆ ಹೊರಗೆ ಹರಿಯುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದರು. ಬರದ ನಡುವೆಯೂ ಬಂದರುಗಳಿಂದ ಧಾನ್ಯ ವಿಲಾಯತಿಗೆ ಹೋಗುತ್ತಲೇ ಇತ್ತು. ಮಳೆ ತಪ್ಪಿದ್ದು ನಿಜ. ಆದರೆ ಉಳಿದ ಧಾನ್ಯದ ಪಾಳಿಯಲ್ಲಿ ನಮ್ಮವರು ಕಡೆಯವರಾಗಿದ್ದರು.

ಅತ್ತಿಯವರು ಕಂಡದ್ದು 1972ರ ಬರ. ಓಣಿಯ ಬಾವಿಯ ಸೆಲೆ ಸಣ್ಣದಾಗಿ, ಮನೆಗೆ ಎರಡೇ ಕೊಡ ಎಂದು ಗೊತ್ತುಮಾಡಿದ್ದರಂತೆ. ಬಾಣಂತಿ ಇದ್ದ ಮನೆಗೆ ಮೊದಲ ಕೊಡ. ಆಮೇಲೆ ಎಳೆಗರು ಇದ್ದವರಿಗೆ, ಆಮೇಲೆ ಉಳಿದವರಿಗೆ. "ಒಬ್ಬರೂ ಜಗಳಾ ಮಾಡಲಿಲ್ಲ ನೋಡವಾ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

"ಕೇರಿಯವರ ಪಾಳಿ ಯಾವಾಗ ಬರತಿತ್ತರಿ, ಅತ್ತಿ?" ಎಂದು ಒಮ್ಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಹೆಣ್ಣುಮಕ್ಕಳು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು, ಯಾರಾದರೂ ಸೇದಿ ಹೊಯ್ದರೆ ನೀರು. "ಅವರನ್ನ ಪಾಳಿಯೊಳಗ ಹಿಡಿದ ಇರಲಿಲ್ಲವಾ" ಎಂದರು ಸಣ್ಣ ದನಿಯಲ್ಲಿ. ಹಿಂದಿನ ಕಾಲ ಚಲೋ ಇತ್ತು ಎನ್ನುವಾಗಲೆಲ್ಲ ನನಗೆ ಆ ದನಿ ನೆನಪಾಗುತ್ತದೆ. ಕಿತ್ತೂರಿನ ಹಾಳು ಅರಮನೆಯಲ್ಲಿ ಸ್ನಾನದ ಕೋಣೆಗಳನ್ನು ಮಕ್ಕಳಿಗೆ ತೋರಿಸುವಾಗಲೂ ಅಷ್ಟೇ. ಆ ನೀರು ಹೊತ್ತವರು ಯಾರು ಎಂಬ ಪ್ರಶ್ನೆ ಗೋಡೆಗಳ ನಡುವೆ ನಿಂತೇ ಇರುತ್ತದೆ.

ಅದೇ 1972ರ ಹೊತ್ತಿಗೆ ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. ಗುಡ್ಡ ಸೀಳಿಕೊಂಡು ಹರಿಯುವ ನದಿಗೆ ಅಡ್ಡಗೋಡೆ ಕಟ್ಟಿ, ಯಲ್ಲಮ್ಮನ ಹೆಸರಿನಲ್ಲಿ ರೇಣುಕಾಸಾಗರ ಎಂದು ಕರೆದರು. ಅದು ಹಿಡಿಯುವ ನೀರು 37.73 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹದಿನೈದು ಲೀಟರಿನ ನಮ್ಮ ಕೊಡದ ಲೆಕ್ಕದಲ್ಲಿ ಸುಮಾರು 189 ಕೋಟಿ ಕೊಡ!

ಇಷ್ಟು ನೀರಿನಲ್ಲಿ ಸುಮಾರು ಎರಡು ಲಕ್ಷ ಹೆಕ್ಟೇರ್ ಭೂಮಿಗೆ ನೀರುಣಿಸುವ ಯೋಜನೆ ಅದು. ಕಾಲುವೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಮನೆ ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದುನಿಂತರು, ಗೋಲಿಬಾರಿನಲ್ಲಿ ಇಬ್ಬರು ಪ್ರಾಣ ಕೊಟ್ಟರು. ಬರಬರುತ್ತ ಹುಬ್ಬಳ್ಳಿ-ಧಾರವಾಡದ ನಲ್ಲಿಗಳೂ ಇದೇ ಸಾಗರಕ್ಕೆ ಬಾಯಿ ಹಚ್ಚಿದವು. ಸಾಗರದ ತಳದಲ್ಲಿ ಹೂಳು ತುಂಬಿತು. ಮೇಲ್ಗಡೆ ನದಿಯ ಎರಡೂ ದಂಡೆಗೆ ಪಂಪುಸೆಟ್ಟುಗಳು ಕೂತವು, ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು.

ಇಲ್ಲಿಗೆ ಬಂದಾಗ ನನ್ನ ಲೇಖನಿ ತಡೆಯುತ್ತದೆ. ನದಿದಂಡೆಯ ಆ ಕಬ್ಬಿನಲ್ಲಿ ಆರು ಎಕರೆ ನಮ್ಮದೇ. ಹಿಂಗಾರಿ ಜೋಳ ಎರೆಮಣ್ಣಿನ ಹಸಿಯಲ್ಲೇ ಬೆಳೆದು ಬರುತ್ತದೆ. ಕಬ್ಬಿಗೆ ವರ್ಷವಿಡೀ ನೀರು ಬೇಕು. ನನ್ನ ಬಳೆ, ಮಗನ ಕಾಲೇಜು, ಮನೆಯ ಮೇಲಂತಸ್ತು ಎಲ್ಲ ಆ ಕಬ್ಬಿನದೇ. ಅದೇ ನದಿ ಸವದತ್ತಿ ದಾಟಿ ಕೆಳಗೆ ಹೋಗುವುದು ರಾಮದುರ್ಗಕ್ಕೆ, ನನ್ನ ತವರಿಗೆ. ಗಂಡನ ಮನೆಯ ಪಂಪು ಎತ್ತಿದ ನೀರು ತವರಿನ ಪಾಳಿಯದು ಎಂದು ನನಗೆ ಹೊಳೆಯಲು ಮೂವತ್ತು ವರ್ಷ ಬೇಕಾಯಿತು!

ಹಾಗೆಂದು ಮಹಾದಾಯಿಯ ಬೇಡಿಕೆ ಸುಳ್ಳಲ್ಲ. ಮಲಪ್ರಭೆ ಹುಟ್ಟುವ ಖಾನಾಪುರದ ಕಣಕುಂಬಿಯ ಕಡೆಯೇ ಕಳಸಾ ನಾಲೆಯೂ ಇದೆ, ಅದರ ನೀರು ಗೋವಾದ ಕಡೆ ಇಳಿಯುತ್ತದೆ. ಕುಡಿಯುವ ನೀರಿಗಾಗಿ ಅದನ್ನೂ ಬಂಡೂರಿಯನ್ನೂ ಇತ್ತ ತಿರುಗಿಸಬೇಕೆಂದು ನಮ್ಮವರು ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಅದಕ್ಕೆ 3.9 ಟಿಎಂಸಿ ಕೊಟ್ಟಿತು. ನಮ್ಮ ಕಾಡು, ನಮ್ಮ ನದಿ ಸೊರಗುತ್ತವೆ ಎಂದು ಗೋವಾದವರು ಹೇಳುವುದರಲ್ಲೂ ಹುರುಳಿದೆ. ಅಲ್ಲಿಯೂ ಕೊಡ ಹಿಡಿದು ನಿಂತವಳು ನಮ್ಮಂಥ ಹೆಂಗಸೇ ಅಲ್ಲವೇ?

ಇದರ ಮರುವರ್ಷ, 2019ರ ಬೇಸಿಗೆಯಲ್ಲಿ, ತವರಿನಿಂದ ಅಣ್ಣ ಫೋನು ಮಾಡಿ ನೀರಿಲ್ಲ ಎಂದಿದ್ದ. ಆಗಸ್ಟಿನಲ್ಲಿ ಮತ್ತೆ ಫೋನು ಬಂತು, ಮನೆಯೊಳಗೇ ನೀರು. ಮಲಪ್ರಭೆ ಉಕ್ಕಿ ನೇಕಾರರ ಮನೆಗಳಿಗೆ ನುಗ್ಗಿತ್ತು. ಮಗ್ಗದ ಕುಣಿ ತುಂಬಿ, ಹಾಸು ಹೊಕ್ಕು ಎಲ್ಲ ಕೆಸರಾಗಿತ್ತು. ಬರವೂ ನೆರೆಯೂ ಒಂದೇ ವರ್ಷ, ಒಂದೇ ನದಿ. ಮುಗಿಲು ಒಮ್ಮೆಲೇ ಸುರಿಯುವುದನ್ನು ಕಲಿತಿದೆ. ಹಿಡಿದಿಡಬೇಕಾದ ಕೆರೆಗಳಲ್ಲಿ ನಾವು ಹೂಳು ತುಂಬಿಸಿಕೊಂಡಿದ್ದೇವೆ.

ಜಗತ್ತಿನ ಪಂಡಿತರೂ ನಮ್ಮ ಪಡಸಾಲೆಯ ಹಾಗೆಯೇ ವಾದ ಮಾಡಿದ್ದಾರೆ. 1989ರಲ್ಲಿ ಸ್ವೀಡನ್ನಿನ ಮಾಲಿನ್ ಫಾಲ್ಕನ್‌ಮಾರ್ಕ್ ಎಂಬ ವಿದುಷಿ ತಲೆ ಎಣಿಸಿ ನೀರು ಅಳೆಯುವ ಪದ್ಧತಿಯನ್ನು ಮುಂದಿಟ್ಟರು. ಒಬ್ಬರಿಗೆ ವರ್ಷಕ್ಕೆ 1,700 ಘನ ಮೀಟರಿಗಿಂತ ಕಡಿಮೆಯಾದರೆ ಆ ನಾಡಿಗೆ ತೊಂದರೆ. ಅದು ನಮ್ಮ ಕಾಕಾ ಹೇಳಿದ ಮಾತು. ವಿಶ್ವಸಂಸ್ಥೆಯ 2006ರ ಮಾನವ ಅಭಿವೃದ್ಧಿ ವರದಿ ಬೇರೆ ಮಾತಾಡಿತು. ಈ ಬಿಕ್ಕಟ್ಟಿನ ಬೇರು ನೀರಿನ ಅಳತೆಯಲ್ಲಿಲ್ಲ, ಅಧಿಕಾರ, ಬಡತನ, ಅಸಮಾನತೆಗಳಲ್ಲಿದೆ ಎಂದಿತು. ಅದು ನಮ್ಮತ್ತಿಯವರ ಮಾತು. 1992ರಲ್ಲಿ ಡಬ್ಲಿನ್ ನಗರದಲ್ಲಿ ಸೇರಿದ ನೀರಿನ ಸಮ್ಮೇಳನ ನಾಲ್ಕು ತತ್ವಗಳನ್ನು ಹೇಳಿತು. ನೀರನ್ನು ತರುವುದರಲ್ಲಿ, ನಿರ್ವಹಿಸುವುದರಲ್ಲಿ, ಕಾಯುವುದರಲ್ಲಿ ಹೆಂಗಸರದೇ ಮುಖ್ಯ ಪಾತ್ರ ಎಂಬುದು ಅದರಲ್ಲೊಂದು. ತರುವ ಕೆಲಸ ನಮಗೆ ಮೊದಲಿನಿಂದಲೂ ಬಂದಿದೆ. ಹಂಚುವ ಮಾತು ಬಂದಾಗ ಮಾತ್ರ ನಾವು ಚಹಾ ತರುವವರು!

ಅತ್ತಿಯವರು ಈಗಿಲ್ಲ. ಅವರ ತಾಮ್ರದ ಕೊಡ ಬಚ್ಚಲಿನಲ್ಲಿದೆ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷ, ಪಡಸಾಲೆಯಲ್ಲಿ ಮತ್ತದೇ ವಾದ ಎದ್ದಿತು. ಈ ಸಲ ಚಹಾ ಇಟ್ಟು ನಾನೂ ಅಲ್ಲೇ ಕೂತೆ. ಎರಡು ಎಕರೆಯ ಕಬ್ಬು ತೆಗೆದು ಜೋಳ ಹಾಕೋಣ ಎಂದೆ. ಮನೆಯವರು ನಕ್ಕರು. "ಎರಡ ಎಕರೆದಿಂದ ನಿನ್ನ ತವರಮನಿಗೆ ಎಷ್ಟ ಕೊಡಾ ನೀರ ಹೋಗತಾವು?"

"ನಾಕ ಕೊಡಾ ಹೋಗಲಿ. ಅವರ ಪಾಳಿ ಅದು," ಎಂದೆ.

ಮರುವರ್ಷ ಆ ಎರಡು ಎಕರೆಯ ಜೋಳ ಮನೆಗೆ ಬಂತು. ಮೊದಲ ರೊಟ್ಟಿ ಬಡಿಯುವಾಗ ಅತ್ತಿಯವರು ಕೂರುತ್ತಿದ್ದ ಮೂಲೆಯ ಕಡೆ ನೋಡಿದೆ. ನಾಲ್ಕು ಎಕರೆ ಕಬ್ಬು ಇನ್ನೂ ಹಾಗೆಯೇ ಇದೆ. ವಾದವೂ ಇದೆ.